ನಿಮ್ಮನೆ ಪೋರ 800 ಮೀಟರ್ ಜೋರು ಓಡ್ತಾನಾ? ಮುಂದೆಂತ ಮಾಡೂದು

ತಾಲೂಕು ಕ್ರೀಡಾಕೂಟದಲ್ಲಿ ಒಬ್ಬ ಪೋರ ಉಳಿದವರನ್ನೆಲ್ಲ ಅರ್ಧ ಸುತ್ತು ಹಿಂದೆ ಹಾಕಿ ಬಂದ ಅಂದ್ರೆ ಸಂಜೆಯೊಳಗೆ ಎಲ್ಲರ ವಾಟ್ಸಾಪ್ ಸ್ಟೇಟಸಲ್ಲೂ ಅವನೇ, ಮರುದಿನ ಒಬ್ಬ ಮಾವ ಫೋನ್ ಮಾಡಿ ಬೆಂಗಳೂರಿಗೆ ಕಳ್ಸಿ ಅಂತಾನೆ, ಇನ್ನೊಬ್ಬ ಸ್ಪೈಕ್ಸ್ (ಅಡಿಗೆ ಮೊಳೆ ಇರೋ ಓಟದ ಶೂ) ಕೊಡ್ಸಿ ಪ್ರೋಟೀನ್ ಪೌಡರ್ ಕೊಡ್ಸಿ ಅಂತಾನೆ. ಸ್ವಲ್ಪ ತಡೀರಿ ಮಾರ್ರೆ. ಮೊದ್ಲು ಟೈಮ್ ಎಷ್ಟು ಬಂತು ಕೇಳಿ, ಆಮೇಲೆ ಆ ಟೈಮ್ ಖರೇನಾ ನೋಡಿ.

ಯಾಕಂದ್ರೆ ನಮ್ಮ ಉತ್ತರ ಕನ್ನಡದ ಕಡೆ ಶಾಲೆ ಮೈದಾನದಲ್ಲಿ ಸುಣ್ಣ ಹಾಕಿ ಎಳೆಯೋ 200 ಮೀಟರ್ ಟ್ರ್ಯಾಕ್ ಬಹಳ ಸಲ 200 ಇರೂದೇ ಇಲ್ಲ, ಜಾಗ ಸಾಲದೆ ಮೂಲೆಯಲ್ಲಿ ಒಳಗೆ ತಿರುಗಿಸಿರ್ತಾರೆ. ಸುತ್ತಿಗೆ 8 ಮೀಟರ್ ಕಡಿಮೆ ಆದ್ರೆ 800ಕ್ಕೆ 32 ಮೀಟರ್ ಕಡಿಮೆ, ಅಂದ್ರೆ ಐದಾರು ಸೆಕೆಂಡ್ ಪುಕ್ಕಟೆ ಸಿಕ್ಕ ಹಾಗೆ. ಒಂದು 30 ಮೀಟರ್ ಟೇಪ್ ಹಿಡ್ಕಂಡು ನೀವೇ ಅಳೀರಿ, ಒಳಗಿನ ಗೆರೆ ಮೇಲೆ ಅಲ್ಲ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ, ಓಡುವವನ ಕಾಲು ಬೀಳೂದು ಅಲ್ಲೇ, ನಿಯಮ ಇರೂದೂ ಹಾಗೇ. ತಿರುವಿನಲ್ಲಿ ಟೇಪ್ ನೆಟ್ಟಗೆ ಎಳೆದ್ರೆ ಅಳತೆ ತಪ್ತದೆ, ಎರಡೆರಡು ಮೀಟರಿಗೆ ಗೂಟ ಹೊಡ್ದು ಬಳಸಿಕೊಂಡು ಹೋಗ್ಬೇಕು. ಸ್ಟಾಪ್‌ವಾಚ್ ಹಿಡಿದವರು ಓಟ ಶುರು ಮಾಡೋ ಕ್ಲಾಪರ್ ಸದ್ದು ಕೇಳಿ ಒತ್ತೂದಲ್ಲ, ಹಲಗೆ ಕೂಡೂದನ್ನ ಕಣ್ಣಲ್ಲಿ ನೋಡಿ ಒತ್ತಬೇಕು. ಇಷ್ಟಾದ ಮೇಲೂ ಟೈಮ್ ಚೆನ್ನಾಗಿದ್ರೆ ಮುಂದಿನ ಮಾತು.

ಮುಂದಿನ ಮಾತು ಅಂದ್ರೆ ಗಡಿಬಿಡಿ ಮಾಡಬೇಡಿ ಅನ್ನೂದು. ನ್ಯೂಜಿಲೆಂಡಿನ ಸ್ಯಾಮ್ ರೂಥ್ 2025ರ ಮಾರ್ಚಲ್ಲಿ ಆಕ್ಲೆಂಡಲ್ಲಿ ಒಂದು ಮೈಲಿ 3:58.35ಕ್ಕೆ ಓಡಿದಾಗ ಅವನಿಗೆ 15 ವರ್ಷ, ಆ ವಯಸ್ಸಿಗೆ ನಾಲ್ಕು ನಿಮಿಷದ ಒಳಗೆ ಬಂದವರು ಅದಕ್ಕಿಂತ ಮೊದ್ಲು ಯಾರೂ ಇಲ್ಲ. 400ಕ್ಕೆ ಸುಮಾರು 59 ಸೆಕೆಂಡ್ ಥರ ನಾಲ್ಕು ಸುತ್ತು, ಮೇಲೆ ಇನ್ನೊಂದು 9 ಮೀಟರ್, ಯೋಚನೆ ಮಾಡಿ. ಜನ ನೋಡೂದು ಆ ಒಂದು ಟೈಮ್ ಮಾತ್ರ. ಅಜ್ಜಿ 1970ರ ಕಾಮನ್‌ವೆಲ್ತ್ ಗೇಮ್ಸಲ್ಲಿ 800 ಮೀಟರ್ ಚಿನ್ನ ಗೆದ್ದವಳು, ಅಜ್ಜ ಮ್ಯಾರಥಾನ್ ಓಟಗಾರ, ಆ ದಿನ ಮುಂದೆ ಓಡಿ ವೇಗ ಹಿಡಿದುಕೊಟ್ಟವನು ಆ ದೇಶದ ಸೀನಿಯರ್ ಓಟಗಾರ ಸ್ಯಾಮ್ ಟ್ಯಾನರ್, ಇದೆಲ್ಲ ಹಿಂದಿದ್ದದ್ದು. ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸನ್ ಕೂಡ 16ಕ್ಕೇ ನಾಲ್ಕು ನಿಮಿಷದ ಒಳಗೆ ಬಂದ, 17ಕ್ಕೆ 2018ರ ಯುರೋಪಿಯನ್ ಚಾಂಪಿಯನ್‌ಶಿಪ್ಪಲ್ಲಿ 1500 ಮತ್ತು 5000 ಎರಡೂ ಗೆದ್ದ, ಆದ್ರೆ ಮನೇಲಿ ಇಬ್ಬರು ಅಣ್ಣಂದಿರು ಮೊದಲೇ ಯುರೋಪ್ ಚಾಂಪಿಯನ್ನರು, ಸಣ್ಣವನಿದ್ದಾಗಿಂದ ಅವರ ಹಿಂದೇ ಓಡಿ ಬೆಳೆದವ. ಮೊದಲ ಒಲಿಂಪಿಕ್ ಚಿನ್ನ ಬಂದಿದ್ದು 2021ರಲ್ಲಿ, ಟೋಕಿಯೋದಲ್ಲಿ.

ಅದೇ ಮನೆಯ ಇನ್ನೊಂದು ವಿಷಯವೂ ಹೇಳ್ಬೇಕು. ಕೋಚ್ ಆಗಿದ್ದವ ಅಪ್ಪನೇ, 2023ರಲ್ಲಿ ಈ ಮೂವರೂ ಅಣ್ಣತಮ್ಮಂದಿರು ಸೇರಿ ಅಪ್ಪ ಹೊಡೀತಿದ್ದ ಹೆದರಿಸ್ತಿದ್ದ ಅಂತ ಪೇಪರಲ್ಲಿ ಬರೆದ್ರು, ಕೇಸೂ ಆಯ್ತು. 2025ರಲ್ಲಿ ಕೋರ್ಟು ಯಾಕೋಬನನ್ನ ಹಿಂಸಿಸಿದ ಆರೋಪದಿಂದ ಅಪ್ಪನನ್ನ ಬಿಟ್ಟು, ಮಗಳಿಗೆ ಹೊಡೆದದ್ದಕ್ಕೆ ತಪ್ಪಿತಸ್ಥ ಅಂತು. ಹಾಗಾಗಿ ನನ್ನ ಲೆಕ್ಕದಲ್ಲಿ ಮನೆಯವರ ಕೈಗೆ ಸ್ಟಾಪ್‌ವಾಚ್ ಕೊಡಲೇ ಬಾರ್ದು. ಪಿಟಿ ಮಾಸ್ತರ್ರೋ ಅಕ್ಕೋರೋ ಓಡಿಸ್ಲಿ, ನೀವು ಬೆಳಿಗ್ಗೆ ಎಬ್ಬಿಸಿ, ಊಟ ಹಾಕಿ, ಅಷ್ಟೇ.

ಈಗ ವಾರದ ಲೆಕ್ಕ. 13-14 ವಯಸ್ಸಿಗೆ ವಾರಕ್ಕೆ ನಾಕೈದು ದಿನ ಓಡಿದ್ರೆ ಸಾಕು. ಅದ್ರಲ್ಲಿ ಮೂರು ದಿನ ಬರೇ ಮೆಲ್ಲಗೆ 25-30 ನಿಮಿಷ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡ್ತಾ ಓಡೂಕೆ ಆಗ್ಬೇಕು, ಏದುಸಿರು ಬಂದ್ರೆ ಜೋರಾಯ್ತು ಅಂತ ಅರ್ಥ. ಕೊನೆಗೆ ಐದಾರು ಸಲ 80 ಮೀಟರ್ ಚುರುಕಾಗಿ, ಪೂರ್ತಿ ಜೋರಲ್ಲ. ಒಂದು ದಿನ ಏರು, 30-40 ಸೆಕೆಂಡ್ ಏರು ಹತ್ತೂದು, ನಡೆದು ಇಳಿಯೂದು, ಆರೆಂಟು ಸಲ. ಶಿರಸಿಯವರಿಗೆ ಏರು ಹುಡುಕೋ ಕಷ್ಟ ಇಲ್ಲ, ಮನೆ ಬಾಗಿಲಲ್ಲೇ ಇದೆ, ಕಾರವಾರದವರಿಗೆ ಸದಾಶಿವಗಡದ ಗುಡ್ಡ ಇದೆ. ಇನ್ನೊಂದು ದಿನ ಒಂದೇ ವೇಗ ಹಿಡಿದು ಓಡೂದು ಕಲಿಯೂದು. ನಮ್ಮ ಮಕ್ಕಳ ದೊಡ್ಡ ರೋಗ ಇದೇ, ಮೊದಲ ಸುತ್ತು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಮೂರನೇ ಸುತ್ತಲ್ಲಿ ಕಾಲೇ ಏಳೂದಿಲ್ಲ. 800ನ್ನ 2:24ಕ್ಕೆ ಓಡ್ಬೇಕು ಅಂದ್ರೆ 200ಕ್ಕೆ 36 ಸೆಕೆಂಡ್, ಬರೇ 200 ಓಡಿಸಿ, 36ಕ್ಕೆ ಸೀಟಿ ಊದಿ, 33ಕ್ಕೆ ಬಂದವನಿಗೆ ಶಹಬ್ಬಾಸ್ ಹೇಳಬೇಡಿ, ಮತ್ತೆ ಓಡಿಸಿ. ಗಡಿಯಾರ ನೋಡದೇ 36ಕ್ಕೆ ಬರೂದು ಕಲಿತ್ರೆ ಅರ್ಧ ರೇಸ್ ಗೆದ್ದಂಗೆ. ಯಾಕೋಬ್ ಥರ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ನಡುವೆ ರಕ್ತ ತೆಗ್ದು ಲ್ಯಾಕ್ಟೇಟ್ (ಜೋರು ಓಡಿದಷ್ಟೂ ರಕ್ತದಲ್ಲಿ ಏರೋ ಅಂಶ) ನೋಡೂದು, ಅದೆಲ್ಲ ಯೂಟ್ಯೂಬಲ್ಲಿ ನೋಡೂಕೆ ಚಂದ, ಶಾಲೆ ಹುಡುಗರಿಗೆ ಅಲ್ಲ.

ಜಾಗದ ವಿಷಯ. ಕಾರವಾರದ ಟ್ಯಾಗೋರ್ ಕಡಲತೀರ ಬಾಳಾ ಚೊಲೋ, ಆದ್ರೆ ಇಳಿತದ ಹೊತ್ತಲ್ಲಿ ಮಾತ್ರ, ನೀರು ಹಿಂದೆ ಸರಿದ ಮೇಲೆ ಹಸಿ ಹೊಯ್ಗೆ ಗಟ್ಟಿ ಇರ್ತದೆ, ಹೆಜ್ಜೆ ಇಟ್ರೆ ಹಿಮ್ಮಡಿ ಗುರುತು ಮಾತ್ರ ಬೀಳ್ತದೆ ಕಾಲು ಹೂತು ಹೋಗೂದಿಲ್ಲ, ಅಲ್ಲಿ ಓಡಿ. ಇಳಿತದ ಟೈಮ್ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಹಾಗಾಗಿ ದಿನಾ ಆರು ಗಂಟೆಗೇ ಬಂದ್ರೆ ಕೆಲವು ದಿನ ಮೆತ್ತನೆ ಹೊಯ್ಗೆಯೇ ಗತಿ, ಮೀನಿಗೆ ಹೋಗುವವರನ್ನ ಕೇಳಿದ್ರೆ ಬಾಯಲ್ಲೇ ಹೇಳ್ತಾರೆ. ದಂಡೆ ಸಮುದ್ರದ ಕಡೆ ಇಳಿಜಾರು, ಒಂದು ಕಾಲು ಕೆಳಗೆ ಒಂದು ಕಾಲು ಮೇಲೆ, ಅದಕ್ಕೆ ಎಷ್ಟು ದೂರ ಹೋದ್ರೋ ಅಷ್ಟೇ ವಾಪಸ್ ಓಡಿ ಬನ್ನಿ. ಹೈವೇ 66ರ ಮೇಲಂತೂ ಬ್ಯಾಡ್ವೇ ಬ್ಯಾಡ. ಕಾರವಾರದ ಮಾಲಾದೇವಿ ಮೈದಾನ, ಅಂಕೋಲೆಯ ಜೈಹಿಂದ್ ಮೈದಾನ, ಶಿರಸಿಯ ಮಾರಿಕಾಂಬಾ ಕ್ರೀಡಾಂಗಣ ಇದಾವಲ್ಲ. ಸ್ಪೈಕ್ಸ್ ತಗೊಳ್ಳೂದಾದ್ರೆ ಮಣ್ಣಿಗೆ 9 ಮಿಲಿಮೀಟರ್ ಮೊಳೆ, ಸಿಂಥೆಟಿಕ್ಕಿಗೆ 6, ಆದ್ರೆ ಮೊದಲ ವರ್ಷ ಸಾದಾ ಶೂ ಅಡ್ಡಿಲ್ಲ.

ಮಳೆಗಾಲ ಅಂದ್ರೆ ನಮ್ಮ ಹುಡುಗರಿಗೆ ಅದೇ ಸೀಸನ್, ಹೋಬಳಿ ಮತ್ತು ತಾಲೂಕು ಕೂಟ ರಾಡಿಯಲ್ಲೇ ನಡೀತದೆ. ಹಾಗಾಗಿ ಓಟದ ಬಲ ಕಟ್ಟೂದು ಜನವರಿಯಿಂದ ಮೇ ಒಳಗೆ. ಜೋರು ಮಳೆ ದಿನ ಶಾಲೆ ಜಗಲಿಯಲ್ಲಿ ಹಗ್ಗ ಜಿಗಿತ, ಮೆಟ್ಟಿಲು ಹತ್ತೂದು, ಸಾಕು.

ಪ್ರತಿ ತಿಂಗಳು ಗೋಡೆ ಮೇಲೆ ಎತ್ತರ ಗೆರೆ ಎಳೀರಿ. ಸರ್ರಂತ ಎತ್ತರ ಏರೋ ತಿಂಗಳುಗಳಲ್ಲೇ ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನ ಹಾಗೆ ಊದಿ ಮುಟ್ಟಿದ್ರೆ ನೋವು ಬರೂದು, ಓಟ ಅರ್ಧಕ್ಕೆ ಇಳಿಸಿ, ಜಿಗಿತ ನಿಲ್ಸಿ. ಮೊಣಕಾಲ ಕೆಳಗಿನ ಮುಂದಿನ ಎಲುಬಲ್ಲಿ ಒಂದೇ ಜಾಗದಲ್ಲಿ ನೋವು, ಸುಮ್ನೆ ಕೂತಾಗ್ಲೂ ನೋವು ಅಂದ್ರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಹುಡುಗಿಯರಿಗೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡ್ಸಿ, ಶಾಲೆಯಲ್ಲಿ ವಾರಕ್ಕೊಂದು ಕೊಡೋ ನೀಲಿ ಕಬ್ಬಿಣದ ಮಾತ್ರೆ ಬಿಸಾಡದೇ ನುಂಗ್ಲಿ, ಮುಟ್ಟು ಮೂರು ತಿಂಗಳು ನಿಂತ್ರೆ ಓಟ ಚೆನ್ನಾಗಿ ನಡೀತಿದೆ ಅಂತಲ್ಲ, ಊಟ ಸಾಲ್ತಿಲ್ಲ ಅಂತಿರಬಹುದು, ತೋರ್ಸಿ. ಊಟಕ್ಕೆ ಪೌಡರ್ ಡಬ್ಬಿ ಎಂತಕ್ಕೆ? ಕುಚಲಕ್ಕಿ ಗಂಜಿ, ತಾರ್ಲೆ ಬಂಗಡೆ, ಮೀನು ತಿನ್ನದ ಮನೆಯಲ್ಲಿ ಹೆಸರುಕಾಳು, ಮಜ್ಜಿಗೆ, ರಾಗಿ ಅಂಬಲಿ, ಶೇಂಗಾ ಬೆಲ್ಲ. ಓಡಿ ಬಂದು ಅರ್ಧ ಗಂಟೆಯೊಳಗೆ ತಿಂದ್ರೆ ಒಳ್ಳೇದು.

ಮೇಲೆ ಹೋಗೋ ದಾರಿ ಗೊತ್ತಿರ್ಲಿ. 14ರ ಒಳಗಿನವರಿಗೆ ಶಾಲಾ ಕೂಟದಲ್ಲಿ 600 ಮೀಟರ್ ತನಕ ಮಾತ್ರ, ಹೈಸ್ಕೂಲಿಗೆ ಬಂದ ಮೇಲೆ 800, 1500, 3000. ತಾಲೂಕು ಆದ ಮೇಲೆ ಜಿಲ್ಲೆ, ನಮ್ಮಲ್ಲಿ ಶಿರಸಿ ಬೇರೆ ಶೈಕ್ಷಣಿಕ ಜಿಲ್ಲೆ ಕಾರವಾರ ಬೇರೆ, ಆಮೇಲೆ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ. ಕ್ರೀಡಾ ಹಾಸ್ಟೆಲ್ಲಿಗೆ ಕಳಿಸೋ ಮೊದ್ಲು ಒಂದು ಸಲ ಹೋಗಿ ಅಲ್ಲಿನ ಹುಡುಗರನ್ನೇ ಕೇಳಿ, ಹೋದ ವರ್ಷ ಎಷ್ಟು ಜನ ಪೆಟ್ಟಾಗಿ ಕೂತ್ರು, ಹತ್ತನೇ ಕ್ಲಾಸಿನ ಪಾಠ ಯಾರು ನೋಡ್ತಾರೆ, ವಾರಕ್ಕೊಂದು ದಿನ ರಜೆ ಇದೆಯಾ.

ಕಾಗದಪತ್ರ ಈಗ್ಲೇ ಸರಿ ಮಾಡ್ಕಳಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆ ದಾಖಲೆ ಮೂರರಲ್ಲೂ ಒಂದೇ ತಾರೀಕು ಇರ್ಬೇಕು. ವಯಸ್ಸು ಎರಡು ವರ್ಷ ಕಡಿಮೆ ಬರೆಸಿ ಮೆಡಲ್ ಹೊಡ್ಸುವವರು ಇದ್ದಾರೆ, ದೊಡ್ಡ ಕೂಟದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗ್ದು ಎಲುಬಿನ ವಯಸ್ಸು ನೋಡ್ತಾರೆ, ಅಲ್ಲಿ ಸಿಕ್ಕಿಬಿದ್ರೆ ಹೊರಗೆ ಹಾಕೂದು ಪೋರನ್ನ, ಬರೆಸಿದವರನ್ನಲ್ಲ.