ವಾಲ್ವ್ ಬಂದೊಡನೆ ಬಿಚ್ಚುತ್ತೇನೆ

ಒಳಗೆ ಕೊಳೆ ನಿಲ್ಲಬಾರದ ಹೈಜೀನಿಕ್ ಕೊಳವೆಗಳಿಗೆ ವಾಲ್ವ್ ಜೋಡಿಸುವುದು ನನ್ನ ಕೆಲಸ. ಮೊದಲ ಸಲ ಬಟರ್‌ಫ್ಲೈ ವಾಲ್ವ್ (ಒಳಗಿನ ಡಿಸ್ಕ್ ತಿರುಗಿ ಹರಿವನ್ನು ತಡೆಯುವಂಥದ್ದು) ಕೂರಿಸಿದಾಗ ಸೀಲ್ ಒಳಗಿರುವಂತೆಯೇ ಬೆಸುಗೆ ಹಾಕಿಸಿದ್ದೆ. ಬಿಚ್ಚಿ ಮತ್ತೆ ಜೋಡಿಸುವ ಅರ್ಧ ಗಂಟೆ ಉಳಿಸುವ ಆಸೆ. ಒತ್ತಡ ಪರೀಕ್ಷೆಯ ದಿನ ಮುಚ್ಚಿದ ವಾಲ್ವ್‌ನ ಆಚೆಗೆ ನೀರು ತೊಟ್ಟಿಕ್ಕಿತು. ತೆಗೆದು ನೋಡಿದರೆ ಕಪ್ಪು ಇಪಿಡಿಎಂ ರಬ್ಬರಿನ ಸೀಲ್ ಉಂಗುರದ ಒಂದು ಬದಿ ಬೆಸುಗೆಯ ಬಿಸಿಗೆ ಒಣಗಿದ ಚರ್ಮದಂತೆ ಬಿರುಸಾಗಿತ್ತು. ಈಗ ವಾಲ್ವ್ ಕೈಗೆ ಬಂದೊಡನೆ ಡಿಸ್ಕ್, ಸೀಲ್ ಎಲ್ಲವನ್ನೂ ಹೊರತೆಗೆದು, ಗುರುತು ಹಾಕಿದ ಚೀಲದಲ್ಲಿಡುತ್ತೇನೆ. ಬೆಸುಗೆಗೆ ಹೋಗುವುದು ಬರಿಯ ಲೋಹ.

ಇನ್ನೊಂದು ಪಾಠ ಅಳತೆಯದು. ಜರ್ಮನ್ ಮಾನದಂಡದ ಡಿಎನ್ 50 ಕೊಳವೆಯ ಹೊರವ್ಯಾಸ 53 ಮಿ.ಮೀ., ಎರಡು ಇಂಚಿನ ಹೈಜೀನಿಕ್ ಟ್ಯೂಬಿನದು 50.8. ಬರಿಗಣ್ಣಿಗೆ ಎರಡೂ ಒಂದೇ. ಬೆಸೆದರೆ ಒಳಗೆ ಮಿಲಿಮೀಟರಿನಷ್ಟು ಮೆಟ್ಟಿಲು ಉಳಿಯುತ್ತದೆ. ತೊಳೆಯುವ ದ್ರವ ಅದನ್ನು ಹಾರಿ ಮುಂದೆ ಹೋಗುತ್ತದೆ, ಉತ್ಪನ್ನ ಮಾತ್ರ ಅಲ್ಲೇ ಮನೆ ಮಾಡುತ್ತದೆ. ಆರ್ಡರಿನ ಕಾಗದವನ್ನು ನಂಬದೆ ವರ್ನಿಯರ್ ಹಿಡಿಯುತ್ತೇನೆ.

ಬೆಸುಗೆಯಲ್ಲಿ ನನಗೆ ರಾಜಿ ಇಲ್ಲ. 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ಒಳಗೆ ಆರ್ಗಾನ್ ತುಂಬಿ ಗಾಳಿಯನ್ನು ಹೊರಗಟ್ಟಿದ ಮೇಲೆಯೇ ಟಾರ್ಚ್ ಹೊತ್ತಬೇಕು. ಒಳಗಿನ ಬೆಸುಗೆಯ ಗೆರೆ ಬೆಳ್ಳಿಯ ಬಣ್ಣ ಅಥವಾ ತಿಳಿ ಹುಲ್ಲಿನ ಬಣ್ಣದಲ್ಲಿದ್ದರೆ ಸರಿ. ಕಡುನೀಲಿಗೆ ತಿರುಗಿದ್ದರೆ ಅಲ್ಲಿ ಕ್ರೋಮಿಯಂ ಪದರ ಕೆಟ್ಟಿದೆ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಅಂಥದ್ದನ್ನು ಕತ್ತರಿಸಿ ಮತ್ತೆ ಮಾಡಿಸುತ್ತೇನೆ. ಬೈಗುಳ ಕೇಳಿಸಿಕೊಂಡಿದ್ದೇನೆ, ಪರವಾಗಿಲ್ಲ.

ತಣ್ಣಗಾದ ಮೇಲೆ ಜೋಡಣೆ. ಡಿಸ್ಕನ್ನು ಸ್ವಲ್ಪ ತೆರೆದಿಟ್ಟು ಫ್ಲ್ಯಾಂಜ್‌ಗಳ ನಡುವೆ ಇಳಿಸುತ್ತೇನೆ, ಇಲ್ಲವಾದರೆ ಅಂಚು ಸೀಲನ್ನು ಕೊಯ್ಯುತ್ತದೆ. ಅಡ್ಡ ಕೊಳವೆಯಲ್ಲಿ ಡಿಸ್ಕಿನ ದಂಡವೂ ಅಡ್ಡವೇ ಇರಬೇಕು. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತೇನೆ. ಗ್ರೀಸ್ ಬೇಕಾದಲ್ಲಿ ಆಹಾರ ದರ್ಜೆಯ ಸಿಲಿಕೋನ್ ಮಾತ್ರ. ಖನಿಜ ತೈಲದ ಗ್ರೀಸ್ ತಗುಲಿದರೆ ಇಪಿಡಿಎಂ ಉಬ್ಬಿಕೊಳ್ಳುತ್ತದೆ. ಜೋಡಿಸುವಾಗ ಕೊಳವೆಯನ್ನು ಎಳೆದು ತರಬೇಕಾಗಿ ಬಂದರೆ ಬೋಲ್ಟ್‌ನಿಂದ ಎಳೆಯುವುದಿಲ್ಲ, ಆಧಾರವನ್ನೇ ಸರಿಪಡಿಸುತ್ತೇನೆ. ಕೊಳವೆಯ ಭಾರ ಹೊರುವುದು ವಾಲ್ವ್‌ನ ಕೆಲಸವಲ್ಲ.

ಡಯಾಫ್ರಾಮ್ ವಾಲ್ವ್ ಬೇರೆಯದೇ ಸ್ವಭಾವದ್ದು; ಅದರಲ್ಲಿ ಬಾಗುವ ರಬ್ಬರಿನ ಪೊರೆ ನಡುವಿನ ಒಡ್ಡಿನ ಮೇಲೆ ಒತ್ತಿ ಹರಿವನ್ನು ತಡೆಯುತ್ತದೆ. ಅಡ್ಡ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ನಡುವಿನ ಒಡ್ಡಿನ ಹಿಂದೆ ದ್ರವ ನಿಂತುಬಿಡುತ್ತದೆ. ತಯಾರಕರು ಹೇಳಿದ ಕೋನಕ್ಕೆ ಓರೆ ಮಾಡಬೇಕು; ಹಲವು ವಾಲ್ವ್‌ಗಳ ಮೈಮೇಲೆ ಅದಕ್ಕೆಂದೇ ಗುರುತು ಇರುತ್ತದೆ. ಹಿಡಿ ಕೈಗೆ ಚೆನ್ನಾಗಿ ಸಿಗಲಿ ಎಂದು ಯಾರೋ ಅದನ್ನು ನೇರ ತಿರುಗಿಸಿದ್ದನ್ನು ನಾನೇ ಎರಡು ಬಾರಿ ಸರಿಪಡಿಸಿದ್ದೇನೆ.

ಕವಲಿನ ವಾಲ್ವ್ ಮುಖ್ಯ ಕೊಳವೆಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ವಾಲ್ವ್ ಮುಚ್ಚಿದಾಗ ಹರಿವಿಲ್ಲದೆ ಉಳಿಯುವ ಕುರುಡು ತುಂಡಿನ ಉದ್ದ ಅದರ ಒಳವ್ಯಾಸದ ಎರಡರಷ್ಟನ್ನು ಮೀರದಂತೆ ನೋಡಿಕೊಳ್ಳುತ್ತೇನೆ. ಹಾಗೆಂದು ತೀರಾ ಒತ್ತಿ ಕೂರಿಸಿ, ಸೀಲ್ ಬದಲಿಸಲು ಸ್ಪ್ಯಾನರ್ ತೂರದಂತೆ ಮಾಡಿದ್ದೂ ಉಂಟು.

ಕ್ರಿಮಿ ಕೊಲ್ಲಲು ಹಾಯಿಸುವ 121 ಡಿಗ್ರಿ ಸೆಲ್ಸಿಯಸ್ ಹಬೆಯ ಮೊದಲ ಸುತ್ತು ಮುಗಿದು ತಣಿದ ಮೇಲೆ ಡಯಾಫ್ರಾಮ್ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಇನ್ನೊಮ್ಮೆ ನೋಡುತ್ತೇನೆ. ರಬ್ಬರು ಒತ್ತಿಕೊಂಡು ಕೂತಿರುವುದರಿಂದ ಅವು ಸಡಿಲವಾಗಿರುತ್ತವೆ.