ಹಾಲು ಕುಡಿಯುವಾಗ ಕೂಸು ಬೆವರುತ್ತಿದೆಯೇ? ಎಕೋ ಮಾಡಿಸುವಾಗ ಈ ಪ್ರಶ್ನೆ ಕೇಳಿ

ಎರಡು ತಿಂಗಳ ಕೂಸು. ನಾಲ್ಕು ಗುಟುಕು ಹಾಲು ಎಳೆದು ಬಿಟ್ಟು ಚೀರುತ್ತದೆ, ಮುಖ ಬಿಳಚಿಕೊಳ್ಳುತ್ತದೆ, ತಲೆಗೂದಲು ಒದ್ದೆ. ಮನೆಯಲ್ಲಿ ಹೊಟ್ಟೆನೋವು ಅಂತ ಗ್ರೈಪ್ ವಾಟರ್ ಹಾಕುತ್ತಾರೆ, ದೃಷ್ಟಿ ತೆಗೆಯುತ್ತಾರೆ, ದಾವಣಗೆರೆ ಸೆಕೆಗೆ ಯಾರು ಬೆವರಲ್ಲ ಹೇಳಿ ಅಂತ ಸುಮ್ಮನಾಗುತ್ತಾರೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಇದಕ್ಕೆ ಅಪರೂಪದ ಕಾರಣ ಒಂದಿದೆ, ಅಲ್ಕಾಪಾ. ಸುಮಾರು 3 ಲಕ್ಷ ಹೆರಿಗೆಗೆ ಒಂದು. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಎಡ ಕೊರೊನರಿ ನಾಳ ಮಹಾಪಧಮನಿಯಿಂದ ಹೊರಡಬೇಕು. ಇಲ್ಲಿ ಅದು ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಿಂದ ಹೊರಟಿರುತ್ತದೆ. ಹುಟ್ಟಿದಾಗ ಆ ನಾಳದಲ್ಲಿ ಒತ್ತಡ ಜಾಸ್ತಿ, ಹಾಗಾಗಿ ಹೇಗೋ ನಡೆಯುತ್ತದೆ. ಕೆಲವು ವಾರಗಳಲ್ಲಿ ಒತ್ತಡ ಇಳಿಯುತ್ತದೆ, ಹೃದಯದ ಸ್ನಾಯು ರಕ್ತವಿಲ್ಲದೆ ಸೊರಗುತ್ತದೆ. ಹಾಲು ಕುಡಿಯುವುದೇ ಕೂಸಿಗೆ ದೊಡ್ಡ ಶ್ರಮ, ನೋವು ಬರುವುದೂ ಆಗಲೇ.

ಮೊದಲು, ಹಾಲು ಕುಡಿಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಕೂಸು ಮಲಗಿದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಆಮೇಲೆ ವರ್ಷದವರೆಗೆ 50 ಮುಟ್ಟಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬೆರಳಿಗೆ ಸಿಕ್ಕಿಸುವ ಅಗ್ಗದ ಆಕ್ಸಿಮೀಟರ್ ತಂದು ಸಮಾಧಾನ ಪಟ್ಟುಕೊಳ್ಳಬೇಡಿ. ಅದು ದೊಡ್ಡವರ ಬೆರಳಿಗೆ ಮಾಡಿದ್ದು. ಸಾಲದ್ದಕ್ಕೆ ಈ ಕಾಯಿಲೆಯಲ್ಲಿ ಮಗು ಸಾಮಾನ್ಯವಾಗಿ ನೀಲಿಯಾಗುವುದಿಲ್ಲ, ನಂಬರ್ ಚೆನ್ನಾಗೇ ತೋರಿಸುತ್ತದೆ.

ಇಸಿಜಿ ಕೇಳಿ ಮಾಡಿಸಿ. ಐದು ನಿಮಿಷದ ಕೆಲಸ, ಅದರಲ್ಲೇ ಎಷ್ಟೋ ಸಲ ಸುಳಿವು ಸಿಗುತ್ತದೆ.

ಎಲ್ಲರೂ ಎಡವುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ. ಹೃದಯ ಊದಿದೆ, ಪಂಪಿಂಗ್ ಕಮ್ಮಿ, ಸ್ನಾಯುವಿನ ಕಾಯಿಲೆ ಅಂತ ರಿಪೋರ್ಟ್ ಬರುತ್ತದೆ, ಔಷಧಿ ಶುರುವಾಗುತ್ತದೆ, ವಾರಗಳು ಕಳೆಯುತ್ತವೆ. ಊದಿದ್ದು ಯಾಕೆ ಅಂತ ಹುಡುಕುವುದು ಅಲ್ಲಿಗೇ ನಿಲ್ಲುತ್ತದೆ. ಆ ನಾಳದ ಅಗಲ ಒಂದೆರಡು ಮಿಲಿಮೀಟರ್ ಅಷ್ಟೇ, ಕೂಸು ಅತ್ತು ಒದ್ದಾಡುತ್ತಿದ್ದರೆ ಎಂಥವರಿಗೂ ಕಾಣುವುದಿಲ್ಲ. ಅದಕ್ಕೇ ಸ್ವಲ್ಪ ಮುಂಚೆ ಹಾಲು ಕುಡಿಸಿ, ನಿದ್ದೆ ಹತ್ತಿದ ಮೇಲೆ ಒಳಗೆ ಕರೆದುಕೊಂಡು ಹೋಗಿ. ನಿದ್ದೆಯ ಸಿರಪ್ ಕೊಡುವುದಾದರೆ ಮಾತ್ರ ಹಾಲು ಯಾವಾಗ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ. ದೊಡ್ಡವರ ಹೃದಯವನ್ನೇ ದಿನವಿಡೀ ನೋಡುವವರ ಹತ್ತಿರ ಬೇಡ, ಮಕ್ಕಳ ಹೃದಯ ತಜ್ಞರೇ ಆಗಬೇಕು. ಆಮೇಲೆ ಸಂಕೋಚವಿಲ್ಲದೆ ಕೇಳಿ: "ಎಡ ಕೊರೊನರಿ ಎಲ್ಲಿಂದ ಹೊರಟಿದೆ ಅಂತ ಕಾಣಿಸಿತಾ ಸಾರ್?" ಕಾಣಿಸಲಿಲ್ಲ ಅಂದರೆ ಇನ್ನೊಮ್ಮೆ ಎಕೋ, ಇಲ್ಲವೇ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸಿಟಿ ಸ್ಕ್ಯಾನ್. ರಿಪೋರ್ಟಿನಲ್ಲಿ ಈ ಸಾಲು ಇಲ್ಲದಿದ್ದರೆ ನನ್ನ ಪ್ರಕಾರ ಆ ಎಕೋ ಅರ್ಧಂಬರ್ಧ.

ಕಾಯಿಲೆ ಖಚಿತವಾದರೆ ಆಪರೇಷನ್ ಬೇಕು. ಅದರ ಕಾಗದಪತ್ರದ ಕೆಲಸ ಸುಲಭ. ಬಿಪಿಎಲ್ ಕಾರ್ಡ್, ಆಧಾರ್, ನಮ್ಮ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ. ಆಪರೇಷನ್ನಿಗೆ ಬೆಂಗಳೂರಿಗೆ ಹೋಗುವುದಾದರೆ 260 ಕಿಲೋಮೀಟರ್, ರಾತ್ರಿ ಬಸ್ಸಿಗೆ ಮಾತ್ರ ಹತ್ತಬೇಡಿ. ಡಾಕ್ಟರ್ ಆಂಬುಲೆನ್ಸ್ ಬೇಕು ಅಂದರೆ ಬೇಕು, "ಅಣ್ಣನ ಕಾರಿದೆ" ಅನ್ನಬೇಡಿ.

ಆಪರೇಷನ್ ಅಂದರೆ, ಕೂಸನ್ನು ಹಾರ್ಟ್-ಲಂಗ್ ಮೆಷಿನ್ನಿಗೆ (ಅಷ್ಟು ಹೊತ್ತು ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಹಾಕಿ, ಆ ನಾಳವನ್ನು ಬುಡದ ಸುತ್ತಲಿನ ಚೂರಿನ ಸಮೇತ ಅಂಗಿಯ ಗುಂಡಿಯಂತೆ ಕತ್ತರಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಬಿಟ್ಟ ತೂತಿಗೆ ತೇಪೆ. ನಾಳ ಅಲ್ಲಿಗೆ ಎಟುಕದಿದ್ದರೆ ಶ್ವಾಸಕೋಶದ ರಕ್ತನಾಳದ ಒಳಗೇ ಸುರಂಗ ಮಾಡುವ ದಾರಿಯೂ ಇದೆ, 1979ರಲ್ಲಿ ಜಪಾನಿನ ಸರ್ಜನ್ ತಾಕೆಉಚಿ ತೋರಿಸಿದ್ದು. ಸೊರಗಿದ ಹೃದಯ ಮರುದಿನವೇ ಚುರುಕಾಗುವುದಿಲ್ಲ. ಕೆಲವು ದಿನ ವೆಂಟಿಲೇಟರ್ ಇರುತ್ತದೆ, ಪಂಪಿಂಗ್ ಸುಧಾರಿಸಲು ತಿಂಗಳುಗಳೇ ಬೇಕು. ಹಾಗಂತ ಔಷಧಿಯಲ್ಲೇ ನೋಡೋಣ ಅಂತ ಮುಂದೂಡಬೇಡಿ. ಆಪರೇಷನ್ ಇಲ್ಲದೆ ಹತ್ತರಲ್ಲಿ ಒಂಬತ್ತು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಆರು ವಾರ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಎದೆ ಮೂಳೆ ಇನ್ನೂ ಕೂಡಿರುವುದಿಲ್ಲ. ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ. ನೋಡಲು ಬರುವ ನೆಂಟರಿಗೂ ಇದನ್ನು ಬಾಗಿಲಲ್ಲೇ ಹೇಳಿ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಬೇಡ. ರಕ್ತ ಕೊಟ್ಟಿದ್ದರೆ 9 ತಿಂಗಳ ದಡಾರ ಲಸಿಕೆಗೆ ಮುಂಚೆ ಡಾಕ್ಟರಿಗೆ ತಿಳಿಸಿ, ಮುಂದೆ ಹಾಕಬೇಕಾಗಬಹುದು. ಪ್ರತಿ ಎಕೋಗೆ ಹಳೆಯ ರಿಪೋರ್ಟುಗಳೆಲ್ಲ ಒಂದೇ ಫೈಲಿನಲ್ಲಿರಲಿ, ಹೃದಯದ ಎಡಭಾಗದ ಮೈಟ್ರಲ್ ಕವಾಟದ ಸೋರಿಕೆ ಕಮ್ಮಿಯಾಗುತ್ತಿದೆಯಾ ಅಂತ ನೋಡಲು ಡಾಕ್ಟರಿಗೆ ಅವು ಬೇಕಾಗುತ್ತವೆ.