ಒಂದು ಹನಿ ಎಣ್ಣೆಯ ಲೆಕ್ಕ: ಬೇಟ್‌ಕಾಸ್ಟಿಂಗ್ ರೀಲ್ ಬಿಚ್ಚಿ ಜೋಡಿಸುವ ನನ್ನ ಅನುಭವ

ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವ ಬೇಟ್‌ಕಾಸ್ಟಿಂಗ್ ರೀಲ್ ಪೂರ್ತಿ ಕೆಡುವವರೆಗೆ ನಾನು ಕಾಯುವುದಿಲ್ಲ. ಅದರ ಸದ್ದು ಬದಲಾದರೆ ಸಾಕು, ಬಿಚ್ಚಲು ಕೂರುತ್ತೇನೆ. ಗಾಳ ಎಸೆದಾಗ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ಕೀರಲು ದನಿ ಮಾಡಿದರೆ ಬೇರಿಂಗ್ ಒಣಗಿದೆ ಎಂದು ಅನುಮಾನಿಸುತ್ತೇನೆ. ಹಿಡಿಕೆ ತಿರುಗಿಸುವಾಗ ಮರಳು ಅರೆದಂತೆ ಕೈಗೆ ತಾಗಿದರೆ ಗೇರಿನಲ್ಲೋ, ದಾರವನ್ನು ಸ್ಪೂಲಿನ ಮೇಲೆ ಸಮನಾಗಿ ಹರಡುವ ಲೆವೆಲ್ ವೈಂಡ್‌ನಲ್ಲೋ ಕೊಳೆ ಕೂತಿರುತ್ತದೆ.

ಮೊದಲು ಅಂಗೈ ಕಡೆಯ ಮುಚ್ಚಳ ತೆಗೆದು ಸ್ಪೂಲ್ ಹೊರಗೆಳೆಯುತ್ತೇನೆ. ನನ್ನ ರೀಲಿನಲ್ಲಿರುವುದು ಕೇಂದ್ರಾಪಗಾಮಿ ಬ್ರೇಕ್. ಸ್ಪೂಲ್ ವೇಗವಾಗಿ ತಿರುಗಿದಾಗ ಪುಟ್ಟ ಪ್ಲಾಸ್ಟಿಕ್ ತುಂಡುಗಳು ಹೊರಕ್ಕೆ ಸರಿದು ಲೋಹದ ಬಳೆಗೆ ಉಜ್ಜುತ್ತವೆ. ಆ ಉಜ್ಜುವಿಕೆಯೇ ಬ್ರೇಕ್. ಹಾಗಾಗಿ ಅಲ್ಲಿ ಎಣ್ಣೆಗೆ ಜಾಗವಿಲ್ಲ. ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಬಳೆಯನ್ನು ಒರೆಸಿ ಒಣಗಲು ಬಿಡುತ್ತೇನೆ, ಅಷ್ಟೇ.

ನಾನು ಹೆಚ್ಚು ಹೊತ್ತು ಕಳೆಯುವುದು ಸ್ಪೂಲಿನ ಬೇರಿಂಗ್‌ಗಳ ಮೇಲೆ. 7.1:1 ಅನುಪಾತದ ರೀಲಿನಲ್ಲಿ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಎಸೆಯುವಾಗ, ಮುಖ್ಯ ಗೇರನ್ನು ಸ್ಪೂಲಿಗೆ ಜೋಡಿಸುವ ಪುಟ್ಟ ಪಿನಿಯನ್ ಗೇರ್ ಕಳಚಿಕೊಳ್ಳುವುದರಿಂದ ಸ್ಪೂಲ್ ಸ್ವತಂತ್ರವಾಗಿ, ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸುತ್ತುತ್ತದೆ. ಆ ವೇಗದಲ್ಲಿ ಎಣ್ಣೆ ಸ್ವಲ್ಪ ಮಂದವಾದರೂ ಎಸೆತ ಕುಗ್ಗುತ್ತದೆ. ಬೇರಿಂಗನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ಸೂಜಿಯ ಮೊನೆಯಿಂದ ಎತ್ತುವಾಗ ಅದು ಚಿಮ್ಮುತ್ತದೆ. ಹೀಗಾಗಿ ಈ ಕೆಲಸವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮಾಡುತ್ತೇನೆ. ಬೇರಿಂಗ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಇರುವ ಗಾಜಿನ ಸೀಸೆಗೆ ಹಾಕಿ ಕುಲುಕಿ, ದ್ರವ ಕಂದಾದರೆ ಬದಲಿಸಿ, ತಿಳಿಯಾಗುವವರೆಗೆ ತೊಳೆಯುತ್ತೇನೆ. ಆಮೇಲೆ ಪೂರ್ತಿ ಒಣಗಬೇಕು. ಒಣಗಿದ್ದನ್ನು ಪೆನ್ಸಿಲ್ ತುದಿಗೆ ಸಿಕ್ಕಿಸಿ ಮೆಲ್ಲಗೆ ತಿರುಗಿಸಿದರೆ ಅದರ ಸ್ಥಿತಿ ತಿಳಿಯುತ್ತದೆ. ತೊಳೆದ ಮೇಲೂ ತಡವರಿಸುತ್ತಿದ್ದರೆ ಒಳಗೆ ತುಕ್ಕು ಕಚ್ಚಿದೆ ಎಂದು ತಿಳಿದು ಹೊಸದನ್ನೇ ಹಾಕುತ್ತೇನೆ. ಸರಿಯಿದ್ದರೆ ತೆಳು ರೀಲ್ ಎಣ್ಣೆ ಒಂದೇ ಹನಿ. ಎರಡನೆಯ ಹನಿಯಿಂದ ಒಳ್ಳೆಯದೇನೂ ಆಗದು. ಅದು ಸಿಡಿದು ಬ್ರೇಕಿನ ಬಳೆಯ ಮೇಲೆ ಕೂರುತ್ತದೆ. ಕೆಲವು ಸ್ಪೂಲ್‌ಗಳಲ್ಲಿ ಬೇರಿಂಗನ್ನು ಅಚ್ಚಿನಲ್ಲಿ ತೂರಿದ ಪಿನ್ ಹಿಡಿದಿರುತ್ತದೆ. ಆ ಪಿನ್ ತೆಗೆಯುವ ಸಾಧನ ಕೈಯಲ್ಲಿಲ್ಲದಿದ್ದರೆ ನಾನು ಅದರ ತಂಟೆಗೆ ಹೋಗುವುದಿಲ್ಲ. ಅಚ್ಚು ಕೂದಲೆಳೆಯಷ್ಟು ಬಾಗಿದರೂ ಸ್ಪೂಲ್ ನಡುಗುತ್ತದೆ.

ಇನ್ನು ಹಿಡಿಕೆಯ ಕಡೆ. ನಟ್ಟಿನ ಮೇಲಿನ ಪುಟ್ಟ ಸ್ಕ್ರೂ ಮತ್ತು ತಡೆತಗಡು, ನಟ್, ಹಿಡಿಕೆ, ಸ್ಟಾರ್ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ನಕ್ಷತ್ರಾಕಾರದ ಚಕ್ರ), ಬಾಗಿದ ಸ್ಪ್ರಿಂಗ್ ವಾಷರ್‌ಗಳು, ಈ ಕ್ರಮದಲ್ಲಿ ಬಿಚ್ಚುತ್ತೇನೆ. ಎಡಗೈ ರೀಲಿನಲ್ಲಿ ನಟ್ಟಿನ ತಿರುಪು ಉಲ್ಟಾ ಇರುವುದುಂಟು, ಬಿಗಿಯೆನಿಸಿದರೆ ಬಲ ಹಾಕುವ ಮುನ್ನ ನೋಡಿಕೊಳ್ಳಬೇಕು. ಸ್ಪ್ರಿಂಗ್ ವಾಷರ್‌ಗಳ ಬಾಗು ಯಾವ ಕಡೆಗಿತ್ತು ಎಂಬುದು ಮುಖ್ಯ, ಅದಕ್ಕೆ ಮೊಬೈಲಿನಲ್ಲಿ ಹೆಜ್ಜೆಹೆಜ್ಜೆಗೂ ಚಿತ್ರ ತೆಗೆದಿಡುತ್ತೇನೆ. ಮುಚ್ಚಳ ಎತ್ತಿದೊಡನೆ ಪಿನಿಯನ್ನಿನ ಪಕ್ಕದ ನೊಗದಂಥ ತುಂಡಿನ ಕೆಳಗಿಂದ ಎರಡು ಸಣ್ಣ ಸ್ಪ್ರಿಂಗ್‌ಗಳು ಹಾರಬಹುದು. ಅವು ಕಳೆದರೆ ಗೇರ್ ಮತ್ತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಆ ಮುಚ್ಚಳದೊಳಗೇ ಏಕಮುಖ ಬೇರಿಂಗ್ ಇದೆ. ಅದರ ಸಣ್ಣ ರೋಲರ್‌ಗಳು ಒಳಗಿನ ಕೊಳವೆಯಂಥ ತುಂಡಿಗೆ ಸಿಕ್ಕಿಕೊಂಡೇ ಹಿಡಿಕೆ ಹಿಂದೆ ತಿರುಗದಂತೆ ತಡೆಯುತ್ತವೆ. ಗ್ರೀಸ್ ನುಗ್ಗಿದರೆ ಆ ಹಿಡಿತ ತಪ್ಪಿ, ಮೀನು ಜಗ್ಗಿದಾಗ ಹಿಡಿಕೆ ಹಿಂದಕ್ಕೆ ಜಾರುತ್ತದೆ. ರೋಲರ್‌ಗಳನ್ನು ಬಿಡಿಸದೆ ಆಲ್ಕೊಹಾಲ್‌ನಿಂದ ಒರೆಸಿ, ತುಕ್ಕು ಹಿಡಿಯದಿರಲೆಂದು ಎಣ್ಣೆಯ ತೆಳು ಪಸೆ ಮಾತ್ರ ಉಳಿಸುತ್ತೇನೆ.

ಧಾರಾಳವಾಗಿ ಗ್ರೀಸ್ ಬಳಿಯುವುದು ಮುಖ್ಯ ಗೇರಿನ ಹಲ್ಲುಗಳಿಗೆ. ಹಳೆಯದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಹಲ್ಲಿನ ಸಂದುಗಳಿಗೆ ಹೊಸದನ್ನು ಸಣ್ಣ ಕುಂಚದಿಂದ ತುಂಬುತ್ತೇನೆ. ಗೇರಿನೊಳಗಿನ ಡ್ರ್ಯಾಗ್ ವಾಷರ್‌ಗಳು ಕಾರ್ಬನ್ನಿನವು. ಒಂದು ಕಾರ್ಬನ್, ಒಂದು ಲೋಹ ಎಂಬ ಕ್ರಮ ತಪ್ಪಬಾರದು. ಅವಕ್ಕೆ ಡ್ರ್ಯಾಗ್‌ಗೆಂದೇ ತಯಾರಾದ ಗ್ರೀಸನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡುತ್ತೇನೆ. ಗೇರಿನ ಗ್ರೀಸನ್ನು ಇಲ್ಲಿ ಹಚ್ಚಿದರೆ ದಾರ ಒಂದೇ ಸಮನೆ ಬಿಡುವ ಬದಲು ಎಳೆತ ಏರಿಳಿಯುವ ಅಪಾಯವಿದೆ.

ಲೆವೆಲ್ ವೈಂಡ್ ದಂಡದ ಅಡ್ಡಹಾಯುವ ತೋಡುಗಳು ಸದಾ ತೆರೆದಿರುವುದರಿಂದ ನೀರು, ಮರಳು, ದಾರದ ಕೊಳೆ ಮೊದಲು ಸೇರುವುದು ಅಲ್ಲಿಗೇ. ಅದರಲ್ಲಿ ಓಡಾಡುವ ಪಾಲ್ ಎಂಬ ಪುಟ್ಟ ತುಂಡನ್ನು ಹೊರತೆಗೆದು ತುದಿ ಸವೆದಿದೆಯೇ ಎಂದು ನೋಡುತ್ತೇನೆ. ಸವೆದ ಪಾಲ್ ದಂಡವನ್ನೂ ಹಾಳುಮಾಡುತ್ತದೆ. ತೋಡಿಗೆ ದಪ್ಪ ಗ್ರೀಸ್ ಹಾಕಿದರೆ ಧೂಳು ಅಂಟುತ್ತದೆ, ಅದಕ್ಕೇ ಇಲ್ಲಿ ಎಣ್ಣೆ ಹಾಕುತ್ತೇನೆ.

ಜೋಡಿಸುವಾಗ ಸ್ಕ್ರೂಗಳನ್ನು ಬೆರಳ ಬಲದಲ್ಲೇ ಹಿಡಿಸಿ, ಕೊನೆಗೆ ಹದವಾಗಿ ಬಿಗಿಯುತ್ತೇನೆ. ಹೆಬ್ಬೆರಳ ಪಟ್ಟಿ ಒತ್ತಿದರೆ ಸ್ಪೂಲ್ ಬಿಡುಗಡೆಯಾಗಬೇಕು, ಹಿಡಿಕೆ ತುಸು ತಿರುಗಿಸಿದರೆ ಟಕ್ಕೆಂದು ಕಚ್ಚಬೇಕು. ಬಳಿಕ ಎಸೆತದ ನಿಯಂತ್ರಣದ ತಿರುಗುಗುಂಡಿಯನ್ನು, ಸ್ಪೂಲ್ ಅಕ್ಕಪಕ್ಕ ಅಲುಗುವುದು ನಿಲ್ಲುವಷ್ಟೇ ಬಿಗಿ ಮಾಡುತ್ತೇನೆ.

ಉಪ್ಪುನೀರಿನಲ್ಲಿ ಬಳಸಿದ ದಿನ ಡ್ರ್ಯಾಗ್ ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯುತ್ತೇನೆ. ಬಕೆಟ್ಟಿನಲ್ಲಿ ಮುಳುಗಿಸುವುದಾಗಲಿ ಜೋರು ಧಾರೆ ಹಾಯಿಸುವುದಾಗಲಿ ಬೇಡ, ಉಪ್ಪು ಒಳಕ್ಕೆ ಹೋಗುತ್ತದೆ. ಒರೆಸಿ ಒಣಗಿಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿಯೇ ರೀಲನ್ನು ಎತ್ತಿಡುತ್ತೇನೆ.